ಹೃದಯಕ್ಕೆ ಹಿತವಾದ ಊಟ: ತಟ್ಟೆಯಲ್ಲಿ ಸೊಪ್ಪು-ಕಾಳು ಮುಂದೆ, ಅನ್ನ ಹಿಂದೆ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಎಲ್ಲರನ್ನೂ ಹೆದರಿಸಿದ್ದವು. ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಉದ್ದುದ್ದ ಸಾಲು. ಸಾವುಗಳಲ್ಲಿ ಅಸಹಜ ಏರಿಕೆಯೇನೂ ಇಲ್ಲ ಎಂದು ಸರ್ಕಾರದ ತಜ್ಞರ ಸಮಿತಿ ವರದಿ ಕೊಟ್ಟ ಮೇಲೆ ಗಾಬರಿ ಇಳಿಯಿತು. ಆದರೆ ಒಂದು ಮಾತು ಈಗಲೂ ಕಿವಿಗೆ ಬೀಳುತ್ತದೆ: ‘ನಾವು ಸಸ್ಯಾಹಾರಿಗಳು, ನಮಗೇನಾಗುತ್ತೆ?’

ಆಗುತ್ತೆ. ಬೇಕರಿಯ ಪಫ್, ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು ಎಲ್ಲವೂ ಸಸ್ಯಾಹಾರವೇ, ಅಲ್ವಾ? (ಅಯ್ಯಂಗಾರ್ ಬೇಕರಿಗಳ ಬೇರು ಹಾಸನದ ಕಡೆಯದೇ ಆದ್ದರಿಂದ ಇದನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ.) ಅಮೆರಿಕದಲ್ಲಿ 2 ಲಕ್ಷಕ್ಕೂ ಹೆಚ್ಚು ಜನರ ಊಟವನ್ನು ವರ್ಷಗಟ್ಟಲೆ ಗಮನಿಸಿದ ಹಾರ್ವರ್ಡ್ ಸಂಶೋಧಕರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು ಹೆಚ್ಚು ತಿಂದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಸುಮಾರು ಕಾಲು ಭಾಗ ಕಡಿಮೆ ಕಂಡಿತು. ಗಿಡದಿಂದಲೇ ಬಂದದ್ದಾದರೂ ಮೈದಾ, ಸಕ್ಕರೆ, ಸಿಹಿ ಪಾನೀಯ ಹೆಚ್ಚಿದ್ದವರಲ್ಲಿ ಅದೇ ಕಾಯಿಲೆ ಸುಮಾರು ಮೂರನೇ ಒಂದು ಭಾಗ ಜಾಸ್ತಿ ಇತ್ತು. ಅಂದರೆ ಮಾಂಸ ಬಿಟ್ಟರೆ ಕೆಲಸ ಮುಗಿಯಲಿಲ್ಲ. ಅದರ ಜಾಗದಲ್ಲಿ ಏನು ಬಂತು ಎಂಬುದೇ ಮುಖ್ಯ.

1. ಎಣ್ಣೆ ಕ್ಯಾನಿನ ಮೇಲೆ ತಾರೀಕು ಬರೆಯಿರಿ

ಹೊಸ ಕ್ಯಾನ್ ಒಡೆದ ದಿನ ಪೆನ್ನಿನಲ್ಲಿ ಅದರ ಮೇಲೆಯೇ ತಾರೀಕು ಗೀಚಿ. ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ತಲೆಗೆ ತಿಂಗಳಿಗೆ ಅರ್ಧ ಲೀಟರ್. ನಾಲ್ಕು ಜನರ ಮನೆಯಲ್ಲಿ ಐದು ಲೀಟರ್ ಒಂದೇ ತಿಂಗಳಿಗೆ ಖಾಲಿಯಾಗುತ್ತಿದ್ದರೆ ಬೇರೆ ಪರೀಕ್ಷೆ ಬೇಡ, ಉತ್ತರ ಅಲ್ಲೇ ಇದೆ. ಬಗ್ಗಿಸಿ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿ. ಕೊಬ್ಬರಿ ಎಣ್ಣೆಯ ನೂರು ಪಾಲಿನಲ್ಲಿ 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು, ಕಡಲೆಕಾಯಿ ಎಣ್ಣೆಯಲ್ಲಿ ಐದನೇ ಒಂದು ಪಾಲಿನಷ್ಟು. ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಮುಖ್ಯವಾಗಿ ಈ ಕೊಬ್ಬೇ. ಮುದ್ದೆಗೆ, ರೊಟ್ಟಿಗೆ ಧಾರಾಳವಾಗಿ ಬೀಳುವ ತುಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತದೆ.

2. ದಿನಕ್ಕೆ ಒಂದು ಹೊತ್ತು ಕಾಳು, ಸೊಪ್ಪು

ಇದಕ್ಕೆ ಓಟ್ಸ್, ಕಿನೋವಾ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಬಸ್ಸಾರೇ ಸಾಕು. ಹುರುಳಿಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಕಾಳು ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪೋ ಬೆರಕೆ ಸೊಪ್ಪೋ ಹಾಕಿ, ಬೆಂದ ನಂತರ ಕಟ್ಟು ಬಸಿದುಕೊಳ್ಳಿ. ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು, ಹುಣಸೆ ಜೊತೆಗೆ ಬೆಂದ ಕಾಳು-ಸೊಪ್ಪನ್ನೇ ಒಂದು ಹಿಡಿ ಸೇರಿಸಿ ರುಬ್ಬಿ. ಸಾರು ತಾನಾಗಿ ಮಂದವಾಗುತ್ತದೆ, ಅರ್ಧ ಹೋಳು ತೆಂಗಿನಕಾಯಿ ಹಾಕುವ ಕಡೆ ಎರಡು ಚಮಚ ತುರಿ ಸಾಕು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಅವರೆಯ ಕಾಲದಲ್ಲಿ ಹುರುಳಿಯ ಜಾಗಕ್ಕೆ ಹಸಿ ಅವರೆಕಾಳು ಬರಲಿ.

ಇದರಿಂದ ಆಗುವುದೇನು? ಕಾಳುಗಳಲ್ಲಿ ನೀರಲ್ಲಿ ಕರಗುವ ನಾರಿದೆ. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಪಿತ್ತಜನಕಾಂಗ ಹೊಸ ಪಿತ್ತರಸ ತಯಾರಿಸಲು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ಸುಮ್ನೆ ಒಂದು ದಿನ ತಿಂದರೆ ಏನೂ ಆಗದು, ದಿನವೂ ಬೇಕು.

ತಟ್ಟೆಯಲ್ಲಿ ಅರ್ಧ ಜಾಗ ಪಲ್ಯ, ಕೋಸಂಬರಿಗೆ. ಇನ್ನು ಕಾಲು ಭಾಗ ಕಾಳಿಗೆ, ಉಳಿದ ಕಾಲು ಭಾಗ ಅನ್ನಕ್ಕೋ ಮುದ್ದೆಗೋ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗೆಂದು ಶುಗರ್ ಇರುವವರು ಎರಡು ದೊಡ್ಡ ಮುದ್ದೆ ಇಳಿಸುವಂತಿಲ್ಲ, ಅದರಲ್ಲೂ ಪಿಷ್ಟ ಬೇಕಾದಷ್ಟಿದೆ. ಆಲೂಗಡ್ಡೆ ಹಾಸನದ ಹೆಮ್ಮೆಯೇ ಇರಬಹುದು, ತಟ್ಟೆಯಲ್ಲಿ ಮಾತ್ರ ಅದನ್ನು ಅನ್ನದ ಪಾಲಿಗೇ ಸೇರಿಸಿ.

ಭಾನುವಾರದ ಬಾಡೂಟ ಬಿಡಲಾರೆ ಎನ್ನುವವರು ಉಳಿದ ಆರು ದಿನ ಹೀಗೆ ಉಂಡರೂ ಬದಲಾವಣೆ ದೊಡ್ಡದೇ.

ಎರಡು ಎಚ್ಚರಿಕೆ. ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಅದರ ಕೆ ಜೀವಸತ್ವ ಮಾತ್ರೆಯ ಬಲ ತಗ್ಗಿಸುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಸೊಪ್ಪು-ಕಾಳಿನಲ್ಲಿರುವ ಪೊಟ್ಯಾಸಿಯಂ ವಿಚಾರದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

3. ಕಾಫಿಯನ್ನು ಸರಿಯಾಗಿ ಸೋಸಿ

ಕಾಫಿ ನಾಡಿನಲ್ಲಿ ಇದನ್ನು ಹೇಳದೆ ಬಿಡುವಂತಿಲ್ಲ. ಪುಡಿ ಹಾಕಿ ಕುದಿಸಿ, ಚರಟ ತಳಕ್ಕೆ ಇಳಿದ ಮೇಲೆ ಬಗ್ಗಿಸಿ ಕುಡಿಯುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಜಿಡ್ಡಿನ ಅಂಶ ಉಳಿಯುತ್ತದೆ. ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಕಾಗದದ ಫಿಲ್ಟರ್ ಇದನ್ನು ಬಹುಪಾಲು ಹಿಡಿದಿಡುತ್ತದೆ, ದಪ್ಪ ಬಟ್ಟೆಯೂ ಒಂದಷ್ಟು ತಡೆಯುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಿಗೆ ಇದು ಸಣ್ಣ ವಿಷಯವಲ್ಲ.

4. ಉಪ್ಪು

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಹೆಚ್ಚೆಂದರೆ ಒಂದು ಟೀ ಚಮಚ. ಸಾರು, ಪಲ್ಯ, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಸೇರಿ! ಮಿಡಿಯನ್ನು ದಿನಾ ಬಡಿಸದೆ ಹಬ್ಬಕ್ಕೆ ಎತ್ತಿಡಿ.

5. ಮೂರು ತಿಂಗಳ ನಂತರ ರಕ್ತ ಪರೀಕ್ಷೆ

ಶುರು ಮಾಡುವ ಮೊದಲು ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ ಲಿಪಿಡ್ ಪ್ರೊಫೈಲ್ (ರಕ್ತದಲ್ಲಿನ ಕೊಲೆಸ್ಟ್ರಾಲ್, ಕೊಬ್ಬಿನ ಪರೀಕ್ಷೆ) ಮಾಡಿಸಿ. ಹಾಲು ಮೊಸರನ್ನೂ ಬಿಟ್ಟವರು ಬಿ12 ನೋಡಿಸಿಕೊಳ್ಳಬೇಕು, ಅದು ಸೊಪ್ಪು ಕಾಳಿನಿಂದ ಸಿಗುವುದಿಲ್ಲ. ಕೊಲೆಸ್ಟ್ರಾಲ್ ಇಳಿದಿದೆ ಎಂದು ಬಿಪಿ ಮಾತ್ರೆಯನ್ನೋ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೋ ನೀವೇ ನಿಲ್ಲಿಸಬೇಡಿ. ಎರಡೂ ವರದಿಗಳನ್ನು ವೈದ್ಯರ ಮುಂದಿಟ್ಟು, ಮಾತ್ರೆ ಇಳಿಸಬಹುದೇ ಎಂದು ಅವರನ್ನೇ ಕೇಳಿ.