ಜಾಸ್ಪರ್ ಪಿಡಿಎಫ್‌ನಲ್ಲಿ ಕನ್ನಡ ಒತ್ತಕ್ಷರ ಸರಿ ಬಂತು: ನನ್ನ ಅನುಭವ

"ಯೂನಿಕೋಡ್ ಕನ್ನಡ ಜಾಸ್ಪರ್ ಪಿಡಿಎಫ್‌ನಲ್ಲಿ ಬರಲ್ಲ ಸಾರ್, ಸುಮ್ನೆ ಟೈಮ್ ಹಾಳು ಮಾಡ್ಕೋಬೇಡಿ." ಇದನ್ನು ನನಗೆ ಕಡಿಮೆ ಅಂದರೂ ಐದಾರು ಜನ ಹೇಳಿದ್ದರು. ಜಾಸ್ಪರ್ ಅಂದರೆ ಡೇಟಾಬೇಸಿನ ಲೆಕ್ಕವನ್ನು ಪ್ರಿಂಟಿಗೆ ತಕ್ಕ ರಿಪೋರ್ಟಾಗಿ ಜೋಡಿಸಿಕೊಡುವ ಜಾವಾ ತಂತ್ರಾಂಶ. ಹತ್ತು ವರ್ಷ ಅದರಲ್ಲೇ ಕೆಲಸ ಮಾಡಿದವರೂ ಅವರಲ್ಲಿದ್ದರು. ಈಗ ಶಿವಮೊಗ್ಗ ಕಡೆಯ ಒಂದು ಅಡಿಕೆ ಸಂಘದಲ್ಲಿ ದಿನಾ ಮುನ್ನೂರು, ನಾನೂರು ಪಟ್ಟಿ ಶುದ್ಧ ಕನ್ನಡದಲ್ಲಿ ಹೊರಬರುತ್ತಿವೆ. ಅದಕ್ಕೇ ಬರೆಯುತ್ತಿದ್ದೇನೆ.

ಪಟ್ಟಿ ಅಂದರೆ ಬೆಳೆಗಾರನ ಕೈಗೆ ಕೊಡುವ ಲೆಕ್ಕದ ಚೀಟಿ. ಲಾಟ್ ನಂಬರ್, ಅಡಿಕೆಯ ಬಗೆ (ರಾಶಿಯೋ ಬೆಟ್ಟೆಯೋ ಗೊರಬಲೋ), ತೂಕ, ದರ, ಹಮಾಲಿ, ಸಾಲದ ಕಡಿತ, ಕೊನೆಗೆ ಕೈಗೆ ಬರುವ ದುಡ್ಡು. ವರ್ಷದ ಬೆಳೆಯ ಲೆಕ್ಕ ಅದು. ಓದಲು ಬಾರದ ಕಾಗದಕ್ಕೆ ಅವರು ಯಾಕೆ ಸಹಿ ಹಾಕಬೇಕು? ಇಂಗ್ಲಿಷಿನಲ್ಲೇ ಕೊಡೋಣ ಅಂತ ಲೆಕ್ಕಿಗರು ಹೇಳಿದಾಗ ನಾನು ಒಪ್ಪದಿದ್ದದ್ದು ಈ ಕಾರಣಕ್ಕೆ.

ಮೊದಲ ಪ್ರಿಂಟ್ ನೋಡಿ ಎದೆ ಧಸಕ್ಕೆಂದಿತು. ರಿಪೋರ್ಟ್ ವಿನ್ಯಾಸ ಮಾಡುವ ಜಾಸ್ಪರ್ ಸ್ಟುಡಿಯೋದ ಪ್ರಿವ್ಯೂನಲ್ಲಿ ಎಲ್ಲ ಚೆನ್ನಾಗಿತ್ತು. ಪಿಡಿಎಫ್‌ನಲ್ಲಿ 'ತೀರ್ಥಹಳ್ಳಿ' ಚೂರುಚೂರು. ತ ಆದಮೇಲೆ ದೀರ್ಘದ ಚಿಹ್ನೆ ಬೇರೆ ನಿಂತಿದೆ, ರ ಪಕ್ಕ ಅರ್ಧಾಕ್ಷರದ ಕೊಂಬು, ಆಮೇಲೆ ಥ. ಅರ್ಕಾವೊತ್ತು ಇಲ್ಲವೇ ಇಲ್ಲ. ಳ ಕೆಳಗೆ ಹೋಗಬೇಕಾದ ಒತ್ತು ಪಕ್ಕದಲ್ಲೇ ಕೂತಿದೆ. ಆ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ ಹತ್ತು ಸಂಕೇತ ಇವೆ. ಹತ್ತನ್ನೂ ಸಾಲಾಗಿ ಜೋಡಿಸಿಟ್ಟ ಹಾಗಿತ್ತು. ಅವತ್ತಿನಿಂದ ನನ್ನ ಪರೀಕ್ಷೆಯ ಪದ ಅದೇ. ಅದು ಸರಿ ಬಂದರೆ ನೂರಕ್ಕೆ ತೊಂಬತ್ತು ಹೆಸರು ಸರಿ ಬರುತ್ತವೆ.

ಎಂಟು ಹತ್ತು ದಿನ ಫಾಂಟ್ ಬದಲಾಯಿಸುವುದರಲ್ಲೇ ಹೋಯಿತು. ತುಂಗಾ, ಲೋಹಿತ್, ಕೇದಗೆ, ನೋಟೊ. ಎಲ್ಲದರಲ್ಲೂ ಅದೇ ಕಥೆ. ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ನುಡಿ ಆಸ್ಕಿ ಫಾಂಟ್ ಹಾಕಿದರೆ ಪ್ರಿಂಟ್ ಸೊಗಸಾಗಿ ಬರುತ್ತದೆ, ನಿಮಗೂ ಗೊತ್ತು. ಆದರೆ ಹುಡುಕಲು ಆಗಲ್ಲ, ಅಕಾರಾದಿ ಜೋಡಣೆ ಆಗಲ್ಲ, ಎಸ್‌ಎಂಎಸ್ ಕಳಿಸಲು ಆಗಲ್ಲ. ವರ್ಡಿನ ಡಾಕ್ಸ್ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ ಲಿಬ್ರೆಆಫೀಸಿನಿಂದ ಪಿಡಿಎಫ್ ಮಾಡಿಸಿದೆ. ಅಕ್ಷರ ಸರಿ ಬಂತು, ಆದರೆ ಒಂದೊಂದು ಪಟ್ಟಿಗೆ ಐದಾರು ಸೆಕೆಂಡು. ಹರಾಜಿನ ದಿನ ಕೌಂಟರ್ ಮುಂದೆ ಸಾಲು ನಿಂತಿರುವಾಗ ಅದು ನಡೆಯುವ ಮಾತಲ್ಲ. ಅಕ್ಷರ ಜೋಡಿಸುವ ಸೌಲಭ್ಯವಿರುವ ಲೈಬ್ರರಿ ದುಡ್ಡಿಗೆ ಸಿಗುತ್ತದೆ. ಅದಕ್ಕೆ ಕೇಳಿದ ರೇಟು ನನ್ನ ಇಡೀ ಕೆಲಸದ ಹಣಕ್ಕಿಂತ ಜಾಸ್ತಿ. ಅಷ್ಟರಲ್ಲಿ ಸಂಘದವರು ನನ್ನ ಎರಡನೇ ಕಂತು, ನಲವತ್ತು ಸಾವಿರದ ಹತ್ತಿರ, ತಡೆಹಿಡಿದರು. ತಪ್ಪು ಅವರದ್ದಲ್ಲ.

ದಾರಿ ತೋರಿಸಿದ್ದು ಒಬ್ಬ ಪರಿಚಿತರು ಕೇಳಿದ ಒಂದೇ ಪ್ರಶ್ನೆ. ಅವರು ಥಾಯ್ ಭಾಷೆಯ ರಿಪೋರ್ಟ್ ಮಾಡುವವರು, ಕನ್ನಡದ ಗಂಧವೂ ಇಲ್ಲ. "ಪ್ರಿವ್ಯೂ ಸರಿ ಇದ್ಯಲ್ಲ, ಅದನ್ನು ಬರೆಯೋದು ಯಾರು?" ಪ್ರಿವ್ಯೂ ಬರೆಯುವುದು ಜಾವಾ ಸ್ವತಃ. ಅದಕ್ಕೆ ಒತ್ತಕ್ಷರ ಗೊತ್ತು. ಪಿಡಿಎಫ್ ಬರೆಯುವುದು ಬೇರೆ ಹಳೆಯ ಲೈಬ್ರರಿ. ಅದು ಒಂದು ಸಂಕೇತಕ್ಕೆ ಒಂದು ಆಕಾರ ಇಟ್ಟು ಮುಂದೆ ಹೋಗುತ್ತದೆ. ಹಾಗಾದರೆ ಫಾಂಟ್ ಬದಲಾಯಿಸಿ ಏನು ಪ್ರಯೋಜನ?

ಜಾಸ್ಪರ್ 6ರ ಸರಣಿಯಲ್ಲಿ, ಎಕ್ಸ್‌ಪೋರ್ಟ್ ಪಿಡಿಎಫ್ ಪ್ರಾಪರ್ಟಿಗಳ (ಸೆಟ್ಟಿಂಗ್‌ಗಳ) ನಡುವೆ 'ಗ್ಲಿಫ್ ರೆಂಡರರ್ ಬ್ಲಾಕ್ಸ್' ಅಂತ ಒಂದಿದೆ. ಅಲ್ಲಿ ಯೂನಿಕೋಡ್ ಬ್ಲಾಕಿನ, ಅಂದರೆ ಒಂದು ಲಿಪಿಗೆ ಮೀಸಲಾದ ಸಂಕೇತಗಳ ಗುಂಪಿನ, ಹೆಸರು ಕೊಟ್ಟರೆ, ಆ ಲಿಪಿಯ ಅಕ್ಷರಗಳನ್ನು ಮೊದಲು ಜಾವಾ ಜೋಡಿಸಿಕೊಡುತ್ತದೆ, ಆಮೇಲೆ ಪಿಡಿಎಫ್‌ಗೆ ಹೋಗುತ್ತದೆ. ಪ್ರಾಪರ್ಟೀಸ್ ಫೈಲಿನಲ್ಲಿ ಒಂದು ಸಾಲು, ಬ್ಲಾಕ್ 'ಕನ್ನಡ'. ರಾತ್ರಿ ಹನ್ನೊಂದೂವರೆಗೆ 'ತೀರ್ಥಹಳ್ಳಿ' ಸರಿಯಾಗಿ ಮೂಡಿತು. ಮನೆಯವರನ್ನು ಎಬ್ಬಿಸಿ ತೋರಿಸಿದೆ.

ಇದು ಎಲ್ಲ ಫಾಂಟಿಗೂ ಕೂಡಲೇ ಕೆಲಸ ಮಾಡಲ್ಲ. ಫಾಂಟ್ ಎಕ್ಸ್‌ಟೆನ್ಷನ್ ಜಾರ್ (ಫಾಂಟನ್ನು ಜಾಸ್ಪರ್‌ಗೆ ಪರಿಚಯಿಸುವ ಫೈಲು) ಮಾಡಿ ಹಾಕಲೇಬೇಕು. ಎಂಬೆಡ್ ಟಿಕ್ ಇರಬೇಕು, ಎನ್‌ಕೋಡಿಂಗ್ ಐಡೆಂಟಿಟಿ-ಎಚ್. ದಪ್ಪಕ್ಷರಕ್ಕೆ ಬೋಲ್ಡ್ ಫೈಲನ್ನೇ ಬೇರೆ ಕೊಡಿ. ನಾನು ಇಟ್ಟುಕೊಂಡದ್ದು ನೋಟೊ ಸಾನ್ಸ್ ಕನ್ನಡ. ಮುಕ್ತ ಪರವಾನಗಿ, ಗ್ರಾಹಕರ ಜೊತೆ ಹಂಚಲು ತೊಂದರೆ ಇಲ್ಲ.

ಗೆದ್ದೆ ಅಂದುಕೊಂಡ ಮೂರನೇ ದಿನ ಹೊಸ ಪೆಟ್ಟು. ಹದಿನೈದು ಇಪ್ಪತ್ತು ಪಟ್ಟಿಗಳಲ್ಲಿ ಬೆಳೆಗಾರರ ಹೆಸರೇ ಖಾಲಿ! ದರ ಇದೆ, ತೂಕ ಇದೆ, ಹೆಸರಿನ ಜಾಗ ಬಿಳಿ. ಡೇಟಾಬೇಸ್ ಎಲ್ಲ ಜಾಲಾಡಿದೆ. ಕಾರಣ ಫೀಲ್ಡಿನ ಎತ್ತರ. ಇಂಗ್ಲಿಷಿಗೆ ಸಾಕಾಗಿದ್ದ 14 ಪಿಕ್ಸೆಲ್ ನೋಟೊ ಕನ್ನಡಕ್ಕೆ ಸಾಲದು, ಒತ್ತಿಗೆ ಕೆಳಗೆ ಜಾಗ ಬೇಕಲ್ವಾ. ಸಾಲು ಹಿಡಿಸದಿದ್ದರೆ ಜಾಸ್ಪರ್ ಅದನ್ನು ಕತ್ತರಿಸುವುದಿಲ್ಲ, ಬರೆಯುವುದೇ ಇಲ್ಲ. ಹೆಸರಿನ ಕೆಲವು ಸಾಲುಗಳಿಗೆ ದೊಡ್ಡ ಅಕ್ಷರ ಇಟ್ಟಿದ್ದೆ, ಖಾಲಿ ಬಿದ್ದದ್ದು ಅವೇ. 20ಕ್ಕೆ ಏರಿಸಿದೆ, ಸರಿಹೋಯಿತು.

ಸರ್ವರ್ ಲಿನಕ್ಸ್. ಅಲ್ಲಿ ಹಾಕಿದ ಕೂಡಲೇ ಫಾಂಟ್ ಕಾನ್ಫಿಗರೇಷನ್ ಹೆಸರಲ್ಲಿ ನಲ್ ಪಾಯಿಂಟರ್ ಅನ್ನುವ ಜಾವಾ ದೋಷ ಬಂತು. ಫಾಂಟ್‌ಕಾನ್ಫಿಗ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು. ಜಾವಾ 8 ಬಿಟ್ಟು 11ಕ್ಕೆ ಹೋಗಿ ಅಂತ ಮಾತ್ರ ಹೇಳುತ್ತೇನೆ. 9ರಿಂದ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಅನ್ನುವ ಲೈಬ್ರರಿಯದ್ದು, ನನ್ನ ಕಣ್ಣಿಗೆ ಒತ್ತುಗಳು ಹೆಚ್ಚು ಹದವಾಗಿ ಕೂರುತ್ತವೆ.

ಹಳೆಯ ಸದಸ್ಯರ ಹೆಸರು ನುಡಿಯಲ್ಲಿದ್ದವು, ಒಂಬತ್ತು ಸಾವಿರದ ಆಸುಪಾಸು. ಪರಿವರ್ತನೆಯಲ್ಲಿ ಕಾಡುವುದು ಅರ್ಕಾವೊತ್ತು. ಆಸ್ಕಿಯಲ್ಲಿ ಅದು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಸರಿಸುವ ನಿಯಮಗಳ ಪಟ್ಟಿ ನನ್ನ ಹತ್ತಿರವೇ ಇರಲಿ. ಆರು ವಾರದ ಬೆವರು ಅದು. ಒಟ್ಟಿನಲ್ಲಿ ಕೈಯಾರೆ ತಿದ್ದಬೇಕಾಗಿ ಬಂದದ್ದು ಅರವತ್ತು ಹೆಸರು ಮಾತ್ರ.

ನಡುವೆ ಮೂರಿಂಚಿನ ಥರ್ಮಲ್ ಪ್ರಿಂಟರ್ ಮೇಲೂ ಕೈಯಾಡಿಸಿದೆ. ಅದಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ, ಪಟ್ಟಿಯನ್ನೇ ಚಿತ್ರ ಮಾಡಿ ಕಳಿಸಬೇಕು. ಸ್ಪಷ್ಟವಾಗಿಯೇ ಬರುತ್ತದೆ. ಆದರೆ ಥರ್ಮಲ್ ಕಾಗದದ ಅಕ್ಷರ ಬರಬರುತ್ತಾ ಮಾಸುತ್ತದೆ, ಬೆಳೆಗಾರರು ಪಟ್ಟಿಯನ್ನು ವರ್ಷಗಟ್ಟಲೆ ಎತ್ತಿಡುತ್ತಾರೆ. ಬಿಟ್ಟೆ.

ಈಗ ನಾನೂರು ಪಟ್ಟಿ ಒಟ್ಟಿಗೆ ಕೊಟ್ಟರೆ ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಲೈಸೆನ್ಸಿಗೆ ಒಂದು ಪೈಸೆ ಖರ್ಚಿಲ್ಲ. ಹಾಳಾದದ್ದು ನಾಲ್ಕೈದು ರೀಮ್ ಕಾಗದ, ಎರಡು ಟೋನರ್. ತಡೆದಿದ್ದ ಕಂತು ಬಂತು. ಇಂಗ್ಲಿಷ್ ಸಾಕು ಅಂದಿದ್ದ ಲೆಕ್ಕಿಗರೇ ಈಗ ಸಾಲದ ನೋಟಿಸನ್ನೂ ಕನ್ನಡದಲ್ಲಿ ಮಾಡಿಕೊಡಿ ಅಂತ ಹಿಂದೆ ಬಿದ್ದಿದ್ದಾರೆ. ಮೂವತ್ತೈದು ಸಾವಿರ ಹೇಳಿದ್ದೇನೆ, ಸೋಮವಾರ ಮಾತುಕತೆ.