ಬೋರ್ ಹೊಡೆಸುವ ಮೊದಲು ಬರೆಸಿಕೊಂಡೆ

ಕುಷ್ಟಗಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ವಿಚಾರವಾದದ ಹುಚ್ಚು ಹತ್ತಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಮೊದಲು ನಾನೂ ಉಳಿದ ವಿಚಾರವಾದಿಗಳ ಹಾಗೆ ಪವಾಡ ಬಯಲು ಮಾಡುತ್ತಾ ಊರೂರು ತಿರುಗಿದೆ. ನಾಲಿಗೆ ಮೇಲೆ ಕರ್ಪೂರ, ಅರಿಶಿನಕ್ಕೆ ಸುಣ್ಣ ಬೆರೆಸಿ ರಕ್ತ, ಪರ್ಮಾಂಗನೇಟ್‌ಗೆ ಗ್ಲಿಸರಿನ್ ಹಾಕಿ ಬೆಂಕಿ. ಗೊತ್ತಿರುವುದೇ, ಅಲ್ವಾ? ಮೈಕ್ ಬಾಡಿಗೆ, ಟಂಟಂ ಖರ್ಚು ಸೇರಿ ಮೂವತ್ತು ನಲವತ್ತು ಸಾವಿರ ಹೋಗಿರಬೇಕು. ಜನ ಚಪ್ಪಾಳೆ ತಟ್ಟಿದರು. ಒಂದೂರಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಅಜ್ಜಿಯೊಬ್ಬಳು ಮೊಮ್ಮಗನನ್ನು ಕರೆತಂದು, "ಯಪ್ಪಾ, ಇವಂಗೂ ಒಂದೀಟು ಕೈ ಆಡಿಸು" ಅಂದಳು!

ವಾದವೂ ನಡೆಯಲಿಲ್ಲ. ನಮ್ಮ ಕಡೆ ಬೋರ್‌ಗೆ ಜಾಗ ತೋರಿಸುವವರು ತೆಂಗಿನಕಾಯಿ ಹಿಡಿದು ಹೊಲದಲ್ಲಿ ನಡೆಯುತ್ತಾರೆ, ಅದು ಎದ್ದು ನಿಂತಲ್ಲಿ ನೀರಿದೆ ಅಂತಾರೆ. ಅಂಗೈ ಮೇಲಿನ ಕಾಯಿ ಎದ್ದು ನಿಲ್ಲುವುದು ನಮಗೇ ತಿಳಿಯದ ಕೈ ಅಲುಗಾಟದಿಂದ ಅಂದರೆ, "ಹಂಗಾದ್ರ ಬಾಜೂ ಹೊಲದಾಗ ನೀರು ಹೆಂಗ ಬಿತ್ತು?" ಅಂತ ಸೋದರಮಾವ ಕೇಳುತ್ತಿದ್ದರು. ನೀರು ಬಿದ್ದ ಬೋರ್ ಊರಿಗೆಲ್ಲ ನೆನಪು. ಫೇಲಾದದ್ದಕ್ಕೆ ಕಲ್ಲು ಮುಚ್ಚಿ ಮರೆಯುತ್ತಾರೆ. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರಿರುವುದು ಬಿರುಕಿನಲ್ಲಿ. ಆಗ ಐನೂರು ಅಡಿ ಹೊಡೆಸಿದರೆ ಕೇಸಿಂಗ್ ಸೇರಿ ಅರವತ್ತು ಸಾವಿರದ ಆಸುಪಾಸು ಆಗುತ್ತಿತ್ತು. ಮಾವನದು ಸಾಲಾಗಿ ಮೂರು ಹೋಗಿದ್ದವು.

ಆಗ ಅಂಗಡಿಯಲ್ಲಿ ಒಂದು ಉದ್ದ ಬುಕ್ ಇಟ್ಟೆ. ಪಾಯಿಂಟ್, ಅಂದರೆ ಬೋರ್ ಹೊಡೆಸುವ ಜಾಗ, ತೋರಿಸಿದವರು ಯಾರು, ನೀರು ಎಷ್ಟು ಅಡಿಗೆ, ಎಷ್ಟು ಇಂಚು ನೀರು ಬರುತ್ತದೆ. ರಿಗ್ ಬರುವ ಮೊದಲೇ ಬರೆಯಬೇಕು, ಕೆಳಗೆ ಅವರದೇ ಸಹಿ. ಜಗಳವಿಲ್ಲದೆ ಸಹಿ ಹಾಕಿಸುವುದು ಹೇಗೆ ಅಂತ ಕೇಳಬೇಡಿ, ಅದು ನನ್ನ ಕೈಗುಣ. ಶ್ರೀಲಂಕಾದಲ್ಲಿದ್ದ ವಿಚಾರವಾದಿ ಅಬ್ರಹಾಂ ಕೋವೂರ್ 1963ರಲ್ಲಿ, ಪವಾಡ ಮಾಡಿ ತೋರಿಸಿದವರಿಗೆ ಲಕ್ಷ ರೂಪಾಯಿ ಅಂತ ಸವಾಲು ಹಾಕಿದ್ದರು. ನನ್ನ ಹತ್ತಿರ ಲಕ್ಷ ಎಲ್ಲಿದೆ? ಹೇಳಿದ ಅಡಿ, ಇಂಚು ಎರಡೂ ಹೊಂದಿದರೆ ಆ ರೈತನಿಗೆ ಒಂದು ವೈಂಡಿಂಗ್ ಫ್ರೀ ಅಂದೆ. "ಅಂಗಡಿ ಮುಚ್ಚಿಸ್ತೀ" ಅಂತ ಹೆಂಡತಿ ಬೈದಳು.

ಐದಾರು ವರ್ಷದಲ್ಲಿ ನಲವತ್ತು ಚಿಲ್ಲರೆ ಬೋರ್ ಬುಕ್ಕಿಗೆ ಬಂದವು. ಅರ್ಧದಷ್ಟರಲ್ಲಿ ಒಂದಿಷ್ಟಾದರೂ ನೀರಿತ್ತು. ಫ್ರೀ ವೈಂಡಿಂಗ್ ಮಾಡಿದ್ದು ಮೂರೋ ನಾಲ್ಕೋ. ನಾಲ್ಕು ಕಂಬಿ ನೆಟ್ಟು ಕರೆಂಟ್ ಬಿಟ್ಟು ಅಳೆಯುವ ಜಿಯಾಲಜಿಸ್ಟ್‌ಗೂ ಅದೇ ಕಾಲಂ. ಅವರೂ ಕೆಲವು ಸಲ ಸೋತರು. ಅದನ್ನೂ ಬರೆದೆ, ಅದಕ್ಕೇ ಜನ ನಂಬಿದರು. ತೆಂಗಿನಕಾಯಿಯವರೊಬ್ಬರನ್ನು ಒಪ್ಪಿಸಿ, ಕಣ್ಣು ಕಟ್ಟಿ ಒಂದೇ ಹೊಲದಲ್ಲಿ ಎರಡು ಸಲ ನಡೆಸಿದೆವು. ಮೊದಲ ಪಾಯಿಂಟಿಗೂ ಎರಡನೆಯದಕ್ಕೂ ಏನಿಲ್ಲೆಂದರೂ ಮೂವತ್ತು ಮಾರು ಅಂತರ. ಮಾವ ಅಲ್ಲೇ ನಿಂತಿದ್ದರು.

ನಡುವೆ ಇನ್ನೊಂದು ಚಪಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ, ಅಂದರೆ ವರ್ಷದ ಭವಿಷ್ಯದ ಒಗಟಿನಂಥ ಮಾತು, ನುಡಿದ ವಾರದೊಳಗೆ, ಅದರ ಅರ್ಥ ಏನಂತ ಗಿರಾಕಿಗಳಿಂದ ಬರೆಸಿ ಲಕೋಟೆಯಲ್ಲಿಟ್ಟೆ. ಒಂದೇ ಸಾಲು. ಒಬ್ಬರಿಗೆ ಭಾರೀ ಮಳೆ, ಇನ್ನೊಬ್ಬರಿಗೆ ಬರ, ಮತ್ತೊಬ್ಬರಿಗೆ ಸರ್ಕಾರ ಬೀಳುತ್ತದೆ. ವರ್ಷ ಬಿಟ್ಟು ಒಡೆದಾಗ ಬಿದ್ದು ಬಿದ್ದು ನಕ್ಕೆವು. ಬರೆದವರೂ ನಕ್ಕರು. ಮಳೆ ನಕ್ಷತ್ರಗಳದ್ದೂ ಶುರು ಮಾಡಿದ್ದೆ, ಸುಮ್ನೆ ಬೇಸರ ಬಂದು ಬಿಟ್ಟೆ.

ಮಾವ ಈಗಲೂ ತೆಂಗಿನಕಾಯಿ ಹಿಡಿಸುತ್ತಾರೆ. ಆದರೆ ಪಾಯಿಂಟ್ ತೋರಿಸಿದವರಿಗೆ ಅರ್ಧ ದುಡ್ಡು ನೀರು ಬಿದ್ದ ಮೇಲೆಯೇ. ಸುತ್ತಲ ನಾಲ್ಕಾರು ಹಳ್ಳಿಗಳಲ್ಲೂ ಈಗ ಹಾಗೇ ನಡೆದಿದೆ. ಪಾಯಿಂಟ್ ತೋರಿಸುವವರು ಮೊದಲೇ ಹೇಳಿಬಿಡುತ್ತಾರೆ: "ಅಡಿ ಹೇಳ್ತೀನಿ, ಇಂಚು ಕೇಳಬ್ಯಾಡ್ರಿ."