ಮಣ್ಣಿನಡಿಯ ಕರೆಂಟು ಪೈಪಿನ ಬಾಯಿ ಮುಚ್ಚುವ ಕ್ರಮ

ನಮ್ಮ ಬದಿಯಡ್ಕ ಕಡೆ ಮನೆಯಿಂದ ತೋಟದ ಪಂಪ್ ಶೆಡ್ಡಿಗೆ ಮಣ್ಣಿನಡಿ ಪಿವಿಸಿ ಪೈಪ್ ಹಾಕಿ ಕೇಬಲ್ ಎಳೆಯುವುದು ಮಾಮೂಲು. ಪೈಪಿನ ಬಾಯಿ ಮಾತ್ರ ಹೆಚ್ಚಿನವರು ಮುಚ್ಚುವುದಿಲ್ಲ. ಹೋದ ಆಟಿಯಲ್ಲಿ (ಜುಲೈ-ಆಗಸ್ಟಿನ ಮಳೆ ತಿಂಗಳು) ಆ ಪೈಪ್ ಬಂದು ಸೇರುವ ನಮ್ಮ ಡಿಬಿ ಬಾಕ್ಸಿನ (ಮನೆಗೆಲ್ಲ ಕರೆಂಟು ಹಂಚುವ ಸ್ವಿಚ್ ಪೆಟ್ಟಿಗೆ) ಮುಚ್ಚಳ ತೆಗೆದಾಗ ಒಳಗೆಲ್ಲ ಬೆವರಿನ ಹಾಗೆ ಹನಿ, ನ್ಯೂಟ್ರಲ್ ಪಟ್ಟಿಯ ಹಿತ್ತಾಳೆ ಸ್ಕ್ರೂಗಳ ಮೇಲೆ ಹಸಿರು ಕಿಲುಬು. ಮಾಡು ಸೋರಿರಲಿಲ್ಲ, ಗೋಡೆಯೂ ಒಣಗಿತ್ತು. ಪೈಪಿನೊಳಗಿನ ತೇವದ ಗಾಳಿಯೇ ಬಾಕ್ಸಿಗೆ ಬಂದು ನೀರಾಗಿತ್ತು.

ಮಣ್ಣಿನಡಿಯ ಪೈಪಿಗೆ ನೀರು ಸೇರಿಯೇ ಸೇರುತ್ತದೆ, ಹಾಗಾಗಿ ಕೇಬಲ್ ನೀರಿಗೆ ತಾಳುವಂಥದ್ದೇ ಇರಬೇಕು. ತಡೆಯಬೇಕಾದದ್ದು ಆ ತೇವ ಬಾಕ್ಸಿಗೆ ಬರುವುದನ್ನು. ಹಟ್ಟಿ ಹತ್ತಿರ ಗೋಬರ್ ಗ್ಯಾಸ್ ಇದ್ದರಂತೂ ಇನ್ನೂ ಜಾಗ್ರತೆ ಬೇಕು. ಅದರಲ್ಲಿರುವ ಮೀಥೇನ್ ಗಾಳಿಗಿಂತ ಹಗುರ, ಸೋರಿದರೆ ಪೈಪ್ ಹಿಡಿದು ಮೇಲೆ ಬರಬಹುದು, ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಬೆರೆತರೆ ಬೆಂಕಿ ಹತ್ತಲು ಪಂಪಿನ ಸ್ಟಾರ್ಟರಿನ ಒಂದು ಕಿಡಿ ಸಾಕು.

ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ದಿನ) ಮೊದಲೇ ಕೆಲಸ ಮುಗಿಸಿ. ಮೈನ್ ಆಫ್ ಮಾಡಿ, ಇನ್ವರ್ಟರನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ಮೀಟರಿಗೆ ಬರುವ ಲೈನ್ ಮುಟ್ಟಲೇಬೇಡಿ. ಬಾಕ್ಸ್ ಬಿಚ್ಚಿ ಅಭ್ಯಾಸ ಇಲ್ಲದವರು ವಯರ್‌ಮ್ಯಾನನ್ನು ಕರೆಯಿರಿ.

ಅಂಗಡಿಯಲ್ಲಿ ಡಕ್ಟ್ ಸೀಲ್ ಪುಟ್ಟಿ ಅಂತ ಕೇಳಿ. ಗೋಡೆಗೆ ಬಳಿಯುವ ಪುಟ್ಟಿ ಅಲ್ಲ, ಇದು ಗಟ್ಟಿಯಾಗದ ಜಿಗುಟು ಮುದ್ದೆ. ಸಿಮೆಂಟ್ ತುಂಬಬೇಡಿ, ನಾಳೆ ಕೇಬಲ್ ಬದಲಿಸಲು ಪೈಪನ್ನೇ ಒಡೆಯಬೇಕಾದೀತು. ಹುಳಿ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ, ಅದೂ ಬೇಡ. ಸ್ಪ್ರೇ ಫೋಮ್ ಆದರೆ ಕೇಬಲಿಗೆ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿರಬೇಕು.

ಪೈಪಿನ ಬಾಯಿಯ ಒಳಗೆ ಮೂರಿಂಚಿನಷ್ಟು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಧೂಳು ಅಥವಾ ಪಸೆ ಇದ್ದರೆ ಪುಟ್ಟಿ ಹಿಡಿಯುವುದಿಲ್ಲ. ಎರಡಿಂಚು ಒಳಗೆ ಸ್ಪಂಜಿನ ತುಂಡು ತುರುಕಿ, ಪುಟ್ಟಿ ಆಚೆ ಜಾರದ ಹಾಗೆ. ಮುಚ್ಚುವವರೂ ತಪ್ಪುವುದು ಇದರ ನಂತರ: ವಯರುಗಳ ಸುತ್ತ ಪುಟ್ಟಿ ಮೆತ್ತಿ ಎದ್ದುಬಿಡುತ್ತಾರೆ, ಮೂರು ವಯರು ಸೇರುವಲ್ಲಿ ನಡುವೆ ಉಳಿಯುವ ಸಣ್ಣ ಸಂದು ಹಾಗೇ ಇರುತ್ತದೆ, ಗಾಳಿ ಬರುವುದು ಅಲ್ಲಿಂದಲೇ. ವಯರುಗಳನ್ನು ಬೆರಳಿನಿಂದ ಬೇರೆ ಬೇರೆ ಮಾಡಿ, ಪುಟ್ಟಿಯನ್ನು ಚಕ್ಕುಲಿ ಎಳೆಯ ಹಾಗೆ ಹೊಸೆದು ಒಂದೊಂದರ ನಡುವೆಯೂ ಒತ್ತಿ, ಆಮೇಲೆ ಸುತ್ತ ತುಂಬಿ. ಶೆಡ್ಡಿನ ಕಡೆಯ ಬಾಯಿಗೂ ಹೀಗೆಯೇ ಮಾಡಿ.

ನಮ್ಮಲ್ಲಿ ಗುಡ್ಡದ ಇಳಿಜಾರು ಜಾಸ್ತಿ ಅಲ್ವಾ, ಶೆಡ್ಡು ಮೇಲೆ, ಮನೆ ಕೆಳಗೆ ಇದ್ದರೆ ಪೈಪಿನ ನೀರೆಲ್ಲ ಮನೆಯ ಬಾಯಿಗೇ ಒತ್ತುತ್ತದೆ. 10 ಮೀಟರ್ ಎತ್ತರದ ನೀರು ಅಂದರೆ ಸುಮಾರು 1 ಬಾರ್ ಒತ್ತಡ, ಪುಟ್ಟಿ ಅದಕ್ಕೆ ನಿಲ್ಲದು. ಮನೆಯ ಹೊರಗೆ ಒಂದು ಚೇಂಬರ್ ಕಟ್ಟಿಸಿ, ಪೈಪನ್ನು ಅಲ್ಲಿ ಕಡಿದು, ನೀರು ಹೊರಗೆ ಹರಿಯುವ ಹಾಗೆ ಮಾಡಿ, ಮನೆಗೆ ಬರುವ ಪೈಪಿಗೆ ಬೋಲ್ಟ್ ಬಿಗಿದು ಉಬ್ಬಿಸುವ ರಬ್ಬರ್ ಪ್ಲಗ್ ಹಾಕಿ.

ಗ್ಯಾಸ್ ನಿಜಕ್ಕೂ ತುಂಬಿಕೊಳ್ಳುವ ಜಾಗಕ್ಕೆ ಈ ಪುಟ್ಟಿ ಸಾಲದು. ಅದಕ್ಕೆ ಮಿಶ್ರಣ (ಕಾಂಪೌಂಡ್) ಎರೆದು ಮುಚ್ಚುವ ಬೇರೆಯೇ ಸೀಲಿಂಗ್ ಫಿಟ್ಟಿಂಗ್ ಇದೆ, ಗೊತ್ತಿದ್ದವರೇ ಮಾಡಬೇಕು. ಬಾಕ್ಸ್ ಹತ್ತಿರ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ತೆಗೆಯಲೂಬೇಡಿ, ಬಾಗಿಲು ಕಿಟಕಿ ತೆರೆದಿಟ್ಟು ಎಲ್ಲರೂ ಹೊರಗೆ ಬನ್ನಿ.

ಮಳೆ ಹಿಡಿದು ಹದಿನೈದು ದಿನ ಕಳೆದ ಮೇಲೆ ಮತ್ತೆ ಮೈನ್ ಆಫ್ ಮಾಡಿ ಮುಚ್ಚಳ ತೆಗೆದು ನೋಡಿ. ಹನಿ ಕಂಡರೆ ಪುಟ್ಟಿ ಕಿತ್ತು ಹೊಸದಾಗಿ ತುಂಬಿ. ಹೊಸ ವಯರು ಎಳೆದಾಗಲೂ ಅಷ್ಟೇ.